ಹೂವು ಒಂದು, ಹೆಸರು ಇನ್ನೊಂದು: ಪುಟವಿನ್ಯಾಸದಲ್ಲಿ ಚಿತ್ರ ಮತ್ತು ಮೆಟಾಡೇಟಾ ಬೇರೆಯಾದ ಒಂದು ಪ್ರಕರಣ

ಮೊದಲ ಪ್ರೂಫ್ ಕೈಗೆ ಸಿಕ್ಕ ಮರುದಿನವೇ ಲೇಖಕರು ಫೋನ್ ಮಾಡಿದರು. "74ನೇ ಪುಟದ ಹೂವು ಯಾವುದು ಅಂತ ನಿಮಗೆ ಗೊತ್ತಾ?" ಎಂದು ಕೇಳಿದರು. ಗೊತ್ತಿರಲಿಲ್ಲ. ಪುಟ ತೆಗೆದು ನೋಡಿದೆ. ಐದು ದಳದ ಬಿಳಿ ಹೂವು. ಕೆಳಗಿನ ಅಡಿಬರಹದಲ್ಲೂ ಬಿಳಿ ಹೂವು, ಐದು ದಳ ಎಂದೇ ಇತ್ತು. "ಸರಿಯಾಗೇ ಇದೆಯಲ್ಲ ಸರ್" ಎಂದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿ ಇತ್ತು. "ಚಿತ್ರದಲ್ಲಿರೋದು ಬೇರೆ ಗಿಡ, ಹೆಸರು ಬೇರೆ ಗಿಡದ್ದು. ಇದೊಂದೇನಾ, ಇನ್ನೂ ಇದ್ದಾವಾ?"

ಆ ಕೊನೆಯ ಪ್ರಶ್ನೆಗೆ ನಂಬಿಕೆಯಿಂದ ಉತ್ತರ ಕೊಡಲು ನಮಗೆ ಐದು ವಾರ ಬೇಕಾಯಿತು. ಆ ಐದು ವಾರದಲ್ಲಿ ಏನೇನು ಮಾಡಿದೆವು, ಎಲ್ಲಿ ಎಡವಿದೆವು ಎಂಬುದೇ ಈ ಬರಹ. ಜನರ ಹೆಸರು, ಪುಸ್ತಕದ ಹೆಸರು, ಸಂಸ್ಥೆ ಎಲ್ಲ ಬಿಟ್ಟಿದ್ದೇನೆ. ಗುರುತು ಸಿಗಬಾರದೆಂದು ಪುಟ ಮತ್ತು ಚಿತ್ರಗಳ ಲೆಕ್ಕವನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ. ನಡೆದದ್ದು ಮಾತ್ರ ನಡೆದಂತೆಯೇ ಇದೆ.

ಪುಸ್ತಕ, ಜನ, ಫೈಲುಗಳು

ಸಸ್ಯಗಳ ಚಿತ್ರಕೋಶ ಅದು. 240 ಪುಟ, 386 ಫೋಟೋ. ಲೇಖಕರು ಒಬ್ಬರು, ಸಂಪಾದಕರು ಒಬ್ಬರು, ಫೋಟೋ ತೆಗೆದವರು ನಾಲ್ವರು. ಇನ್‌ಡಿಸೈನ್‌ನಲ್ಲಿ ಪುಟ ಕಟ್ಟುವ ವಿನ್ಯಾಸಕಿ ಒಬ್ಬರು, ಅವರಿಗೆ ನೆರವಾಗಲು ಕೆಲಸ ಕಲಿಯುತ್ತಿದ್ದ ಹುಡುಗ ಒಬ್ಬ. ಎಲ್ಲವನ್ನೂ ಕೂಡಿಸಿ ಪ್ರೆಸ್‌ಗೆ ಮುಟ್ಟಿಸುವ ಹೊಣೆ ನನ್ನದು.

ಅಡಿಬರಹಗಳೆಲ್ಲ ಒಂದು ಎಕ್ಸೆಲ್ ಶೀಟ್‌ನಲ್ಲಿದ್ದವು. ಒಂದು ಸಾಲಿಗೆ ಒಂದು ಫೋಟೋ: ಫೈಲ್ ಹೆಸರು, ಗಿಡದ ಕನ್ನಡ ಹೆಸರು, ವೈಜ್ಞಾನಿಕ ಹೆಸರು, ಎರಡು ಸಾಲು ವಿವರಣೆ, ಫೋಟೋ ತೆಗೆದ ದಿನ, ತೆಗೆದವರ ಹೆಸರು. ಶೀಟ್ ಚೆನ್ನಾಗೇ ಇತ್ತು. ಫೋಟೋಗಳು ಬಂದ ರೀತಿ ಮಾತ್ರ ನಾಲ್ಕು ದಿಕ್ಕು. ಒಬ್ಬರು ಕ್ಯಾಮೆರಾದ ಕಾರ್ಡನ್ನು ಹಾಗೇ ಕಾಪಿ ಮಾಡಿ ಕೊಟ್ಟಿದ್ದರು. ಇನ್ನೊಬ್ಬರದೂ ಹೆಚ್ಚುಕಡಿಮೆ ಹಾಗೇ, ಅದೇ ಕಂಪನಿಯ ಕ್ಯಾಮೆರಾ ಬೇರೆ. ಮೂರನೆಯವರು ಕಚ್ಚಾ ಫೈಲುಗಳನ್ನು ತಮ್ಮ ತಂತ್ರಾಂಶದಲ್ಲಿ ತಿದ್ದಿ ಟಿಫ್ ಎಂಬ ಮಾದರಿಯ ಚಿತ್ರ ಮಾಡಿ ಕಳಿಸಿದ್ದರು. ನಾಲ್ಕನೆಯವರು ಮೊಬೈಲ್‌ನ ಮೆಸೇಜ್ ಆ್ಯಪ್‌ನಲ್ಲಿ ಒಂದೊಂದಾಗಿ ದೂಡಿದ್ದರು.

ಈ ನಾಲ್ಕನೆಯ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಮೆಸೇಜ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅಳತೆ ಕುಗ್ಗುತ್ತದೆ, ಮೆಟಾಡೇಟಾ, ಅಂದರೆ ಫೈಲಿನೊಳಗೇ ಅಡಗಿರುವ ಚಿತ್ರದ ಮಾಹಿತಿ, ಅದೂ ಹೋಗುತ್ತದೆ. ನಮಗೆ ಬಂದವುಗಳ ಉದ್ದದ ಬದಿ 1600 ಪಿಕ್ಸೆಲ್. ಅದನ್ನು 17 ಸೆಂಟಿಮೀಟರ್ ಅಗಲಕ್ಕೆ ಹಿಗ್ಗಿಸಿದರೆ ಇಂಚಿಗೆ 239 ಪಿಕ್ಸೆಲ್ ಮಾತ್ರ ಸಿಗುತ್ತದೆ. ಪುಟಕ್ಕೆ ಜೋಡಿಸಿದ ಚಿತ್ರಗಳ ಪಟ್ಟಿ ತೋರಿಸುವ ಇನ್‌ಡಿಸೈನ್‌ನ ಲಿಂಕ್ಸ್ ಪ್ಯಾನೆಲ್‌ನಲ್ಲಿ 'ಆ್ಯಕ್ಚುಯಲ್ ಪಿಪಿಐ' (ಇಂಚಿಗೆ ಎಷ್ಟು ಪಿಕ್ಸೆಲ್) ಎಂಬ ಜಾಗದಲ್ಲಿ 300 ಎಂದು ಇರಬಹುದು, ಅದನ್ನು ನಂಬಬೇಡಿ. ನೋಡಬೇಕಾದ್ದು 'ಎಫೆಕ್ಟಿವ್ ಪಿಪಿಐ'. ಅವರಿಗೆ ಹೇಳಿ ಮೂಲ ಫೈಲುಗಳನ್ನೇ ತರಿಸಿಕೊಂಡೆವು. ಕೇಳಿದ್ದಕ್ಕೆ ಕೊಟ್ಟರು, ಅಷ್ಟೇ. ಮೊದಲೇ ಕೇಳಬೇಕಿತ್ತು.

74ನೇ ಪುಟದಲ್ಲಿ ಆದದ್ದು

ವಿನ್ಯಾಸಕಿ ಮೊದಲ ಕೆಲವು ವಾರ ಸಣ್ಣ ಅಳತೆಯ ಫೈಲುಗಳನ್ನು ಇಟ್ಟುಕೊಂಡು ಪುಟ ಕಟ್ಟಿದ್ದರು. ಕಂಪ್ಯೂಟರ್ ಹಗುರವಾಗಿ ಓಡಲಿ ಅಂತ. ತಪ್ಪೇನಿಲ್ಲ, ಎಷ್ಟೋ ಜನ ಹಾಗೇ ಮಾಡುತ್ತಾರೆ. ಫೋಟೋ ಇಟ್ಟು, ಶೀಟ್‌ನಿಂದ ಅಡಿಬರಹ ಕಾಪಿ ಮಾಡಿ ಕೆಳಗೆ ಅಂಟಿಸುವುದು. ಕೊನೆಗೆ ದೊಡ್ಡ ಫೈಲುಗಳು ಬಂದಾಗ ಎಲ್ಲವನ್ನೂ ಒಂದು ಫೋಲ್ಡರ್‌ಗೆ ಸುರಿದು, 'ರೀಲಿಂಕ್ ಟು ಫೋಲ್ಡರ್' ಒತ್ತಿದರು. ಇನ್‌ಡಿಸೈನ್ ಆ ಫೋಲ್ಡರ್‌ನಲ್ಲಿ ಅದೇ ಹೆಸರಿನ ಫೈಲ್ ಹುಡುಕಿ ಹಳೆಯದರ ಜಾಗಕ್ಕೆ ಜೋಡಿಸುತ್ತದೆ. ಹೆಸರನ್ನು ಮಾತ್ರ ನೋಡುತ್ತದೆ. ಒಳಗೆ ಯಾವ ಹೂವಿದೆ ಎಂದು ಅದಕ್ಕೇನು ಗೊತ್ತು?

ಕ್ಯಾಮೆರಾಗಳು ಫೈಲಿಗೆ ಹೆಸರಿಡುವುದಕ್ಕೆ ಡಿಸಿಎಫ್ ಎಂಬ ಒಂದು ನಿಯಮ ಇದೆ. ನಾಲ್ಕು ಅಕ್ಷರ, ಆಮೇಲೆ 0001ರಿಂದ 9999ರವರೆಗೆ ನಾಲ್ಕು ಅಂಕಿ. 9999 ದಾಟಿದರೆ ಮತ್ತೆ 0001. ಹಾಗಾಗಿ ಒಂದೇ ಕಂಪನಿಯ ಎರಡು ಕ್ಯಾಮೆರಾ ಇದ್ದರೆ ಒಂದೇ ಹೆಸರಿನ ಎರಡು ಫೋಟೋ ಇರುವುದು ದೊಡ್ಡ ವಿಷಯವೇ ಅಲ್ಲ. ನಮ್ಮಲ್ಲಿ ಎರಡು 'ಐಎಂಜಿ_0412' ಇದ್ದವು. ಒಂದೇ ಫೋಲ್ಡರ್‌ಗೆ ಸುರಿಯುವಾಗ ಕಂಪ್ಯೂಟರ್ 'ಈ ಹೆಸರಿನ ಫೈಲ್ ಆಗಲೇ ಇದೆ, ಏನು ಮಾಡಲಿ?' ಎಂದು ಕೇಳಿದೆ. ಹುಡುಗ 'ಎಲ್ಲದಕ್ಕೂ ರಿಪ್ಲೇಸ್' ಒತ್ತಿದ್ದಾನೆ. ಎರಡನೆಯವರ ಫೋಟೋಗಳು ಮೊದಲನೆಯವರ ಫೋಟೋಗಳ ಮೇಲೆ ಕೂತವು.

ಇದರಲ್ಲಿ ನನ್ನನ್ನು ಕಾಡಿದ್ದು ಬೇರೆ. ರೀಲಿಂಕ್ ಆದ ಮೇಲೆ ಒಂದೇ ಒಂದು ಎಚ್ಚರಿಕೆ ಬರಲಿಲ್ಲ. ಕೆಂಪು ಪ್ರಶ್ನಾರ್ಥಕ ಚಿಹ್ನೆ ಇಲ್ಲ, ಹಳದಿ ತ್ರಿಕೋನ ಇಲ್ಲ. ತಪ್ಪು ಹುಡುಕುವ ಇನ್‌ಡಿಸೈನ್‌ನ ಪ್ರೀಫ್ಲೈಟ್ ಕೆಳಮೂಲೆಯಲ್ಲಿ 'ನೋ ಎರರ್ಸ್' ಎಂದು ಹಸಿರು ಚುಕ್ಕೆ ತೋರಿಸಿತು. ಲಿಂಕ್ ಇದೆಯಾ, ಹಳತಾಗಿದೆಯಾ ಎಂದು ಪ್ರೀಫ್ಲೈಟ್ ಹೇಳಬಲ್ಲದು. ಸರಿಯಾದ ಚಿತ್ರವಾ ಎಂದು ಹೇಳಲಾರದು. ನಾವು ಆ ಹಸಿರು ಚುಕ್ಕೆಯನ್ನು ನೋಡಿ ನೆಮ್ಮದಿಯಾಗಿ ಪ್ರೂಫ್ ತೆಗೆದಿದ್ದೆವು.

ಎಷ್ಟು ಚಿತ್ರ ಅದಲುಬದಲಾಗಿವೆ ಎಂದು ಕಂಡುಹಿಡಿದದ್ದು ಮೆಟಾಡೇಟಾದಿಂದಲೇ. ಕ್ಯಾಮೆರಾದಿಂದ ನೇರ ಬಂದ ಫೋಟೋದೊಳಗೆ ಎಕ್ಸಿಫ್ ಎಂಬ ಮಾಹಿತಿ ಇರುತ್ತದೆ: ಕ್ಯಾಮೆರಾ ಯಾವುದು, ಯಾವ ದಿನ ಎಷ್ಟು ಗಂಟೆಗೆ ತೆಗೆದದ್ದು ಇತ್ಯಾದಿ. ಶೀಟ್‌ನಲ್ಲಿ ಫೋಟೋ ತೆಗೆದ ದಿನದ ಕಾಲಂ ಇತ್ತಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟೆವು. 17 ಕಡೆ ದಿನ ಹೊಂದಲಿಲ್ಲ. ಅದರಲ್ಲಿ 14 ನಿಜವಾಗಿ ಅದಲುಬದಲು. ಉಳಿದ ಮೂರು ಕ್ಯಾಮೆರಾದ ಗಡಿಯಾರ ತಪ್ಪಾಗಿದ್ದಾಗ ತೆಗೆದವು. ದಿನದ ಕಾಲಂ ಇಟ್ಟದ್ದು ಸಂಪಾದಕರ ಹಟದಿಂದ. "ಇದೆಲ್ಲ ಯಾಕೆ ಬೇಕು ಮೇಡಂ" ಎಂದು ಶುರುವಿನಲ್ಲಿ ಗೊಣಗಿದವನು ನಾನೇ.

14ನ್ನೂ ಸರಿಮಾಡಿ ಮುಂದೆ ಹೋಗಬಹುದಿತ್ತು. ಆದರೆ ಅಡಿಬರಹಗಳನ್ನೂ ಕೈಯಲ್ಲೇ ಅಂಟಿಸಿದ್ದೆವು. ಅಲ್ಲಿ ಸಾಲು ತಪ್ಪಿರುವುದಿಲ್ಲ ಎಂದು ಯಾರು ಹೇಳಬಲ್ಲರು? ಅದೂ ಅಲ್ಲದೆ ಲೇಖಕರು ಶೀಟ್‌ನಲ್ಲಿ ಇನ್ನೂ ತಿದ್ದುತ್ತಲೇ ಇದ್ದರು. ಪುಟದಲ್ಲಿರುವುದು ಹಳೆಯದೋ ಹೊಸದೋ ತಿಳಿಯುತ್ತಿರಲಿಲ್ಲ.

ಅಡಿಬರಹವನ್ನು ಚಿತ್ರದೊಳಗೇ ಇಡೋಣ ಎಂದುಕೊಂಡದ್ದು

ಆಗ ವಿನ್ಯಾಸಕಿ ಒಂದು ದಾರಿ ಸೂಚಿಸಿದರು. ಅಡಿಬರಹವನ್ನು ಪ್ರತಿ ಚಿತ್ರದ ಮೆಟಾಡೇಟಾದಲ್ಲಿ ತುಂಬಿಬಿಡೋಣ. ಚಿತ್ರ ಎಲ್ಲಿ ಹೋದರೂ ಅದರ ಹೆಸರು ಜೊತೆಗೇ ಹೋಗುತ್ತದೆ. 2010ರಲ್ಲಿ ಬಂದ ಸಿಎಸ್5 ಆವೃತ್ತಿಯಿಂದ ಇನ್‌ಡಿಸೈನ್‌ನಲ್ಲಿ ಕ್ಯಾಪ್ಷನ್ ಸೌಲಭ್ಯ ಇದೆ. ಚಿತ್ರದೊಳಗಿನ ವಿವರಣೆಯನ್ನು ಅದು ತಾನೇ ಓದಿ ಕೆಳಗೆ ಬರೆಯುತ್ತದೆ. ಕಾಪಿ ಇಲ್ಲ, ಪೇಸ್ಟ್ ಇಲ್ಲ.

ಶೀಟ್‌ನ ಸಾಲುಗಳನ್ನು ಓದಿ ಪುಟಗಳನ್ನು ತಾನೇ ತುಂಬುವ ಡೇಟಾ ಮರ್ಜ್ ಯಾಕೆ ಬೇಡ ಎಂದು ಕೆಲವರು ಕೇಳಬಹುದು. ಅದನ್ನೂ ಯೋಚಿಸಿದೆವು. ಒಂದೇ ಅಚ್ಚಿನ ಪುಟಗಳಿಗೆ ಅದು ಬಹಳ ಒಳ್ಳೆಯದು. ಪುಸ್ತಕದ ಕೊನೆಯಲ್ಲಿ ಎಲ್ಲ ಗಿಡಗಳ ಸಣ್ಣ ಚಿತ್ರಗಳಿರುವ 16 ಪುಟದ ಪಟ್ಟಿ ಇತ್ತು, ಅದನ್ನು ಡೇಟಾ ಮರ್ಜ್‌ನಲ್ಲೇ ಮಾಡಿದೆವು, ಅರ್ಧ ದಿನದಲ್ಲಿ ಮುಗಿಯಿತು. ಚಿತ್ರದ ಕಾಲಂ ಹೆಸರಿನ ಶುರುವಿನಲ್ಲಿ 'ಆ್ಯಟ್' ಚಿಹ್ನೆ ಹಾಕಬೇಕು, ಎಕ್ಸೆಲ್ ಅದಕ್ಕೆ ತಕರಾರು ಮಾಡಿದರೆ ಅದಕ್ಕೂ ಮೊದಲು ಒಂದು ಅಪಾಸ್ಟ್ರಫಿ ಒತ್ತಬೇಕು. ಕನ್ನಡ ಕೆಡಬಾರದೆಂದು ಶೀಟನ್ನು ಸಿಎಸ್‌ವಿ (ಕಾಲಂಗಳ ನಡುವೆ ಅಲ್ಪವಿರಾಮ ಇರುವ ಬರೀ ಪಠ್ಯದ ಕಡತ) ಬದಲು 'ಯೂನಿಕೋಡ್ ಟೆಕ್ಸ್ಟ್' ಆಗಿ ಉಳಿಸಿಕೊಂಡೆವು. ಆದರೆ ಉಳಿದ 224 ಪುಟಗಳಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಎಲ್ಲೋ ಇಡೀ ಪುಟದ ಚಿತ್ರ, ಎಲ್ಲೋ ಐದು ಸಣ್ಣವು. ಅಲ್ಲಿ ಮರ್ಜ್ ನಡೆಯುವುದಿಲ್ಲ.

ಸರಿ, ಮೆಟಾಡೇಟಾ ತುಂಬೋಣ. ಹುಡುಗ ಉತ್ಸಾಹದಿಂದ ಫೋಟೋಶಾಪ್‌ನಲ್ಲಿ ಒಂದೊಂದೇ ಜೆಪೆಗ್ ತೆರೆದು, 'ಫೈಲ್ ಇನ್ಫೋ'ದಲ್ಲಿ ಅಡಿಬರಹ ಹಾಕಿ, ಸೇವ್ ಮಾಡತೊಡಗಿದ. 30 ಮುಗಿದ ಮೇಲೆ ನನ್ನ ಕಣ್ಣಿಗೆ ಬಿತ್ತು. ಹಾಗೆ ತೆರೆದು ಸೇವ್ ಮಾಡಿದರೆ ಜೆಪೆಗ್ ಮತ್ತೆ ಒತ್ತಿ ಕುಗ್ಗುತ್ತದೆ, ಚಿತ್ರದ ಗುಣಮಟ್ಟ ಒಂದು ಮೆಟ್ಟಿಲು ಇಳಿಯುತ್ತದೆ. ಅಕ್ಷರ ಸೇರಿಸಲು ಚಿತ್ರ ಕೆಡಿಸುವುದು ಯಾಕೆ? ಅಡೋಬಿಯ ಬ್ರಿಡ್ಜ್ ಅಥವಾ ಎಕ್ಸಿಫ್‌ಟೂಲ್‌ನಂಥ ಸಾಧನಗಳು ಪಿಕ್ಸೆಲ್‌ಗಳನ್ನು ಮುಟ್ಟದೆ ಮೆಟಾಡೇಟಾ ಭಾಗವನ್ನಷ್ಟೇ ಬರೆಯುತ್ತವೆ. ಆ 30 ಫೈಲುಗಳನ್ನು ಮೂಲದಿಂದ ಮತ್ತೆ ತಂದುಕೊಂಡೆವು.

ಪ್ರಶ್ನಾರ್ಥಕಗಳ ಸಾಲು

ಎಕ್ಸಿಫ್‌ಟೂಲ್ ಎಂಬುದು ಫಿಲ್ ಹಾರ್ವಿ ಎಂಬುವರು ಬರೆದು ಉಚಿತವಾಗಿ ಕೊಟ್ಟಿರುವ ಸಾಧನ. ಗುಂಡಿ, ಕಿಟಕಿ ಏನೂ ಇಲ್ಲ, ಆಜ್ಞೆ ಟೈಪ್ ಮಾಡಬೇಕು. ಅದಕ್ಕೆ ಸಿಎಸ್‌ವಿ ಕಡತ ಕೊಟ್ಟರೆ ನೂರಾರು ಚಿತ್ರಗಳಿಗೆ ಒಂದೇ ಸಲ ಮೆಟಾಡೇಟಾ ತುಂಬುತ್ತದೆ. ಮೊದಲ ಕಾಲಂನಲ್ಲಿ ಫೈಲ್ ಎಲ್ಲಿದೆ ಎಂಬುದು, ಉಳಿದ ಕಾಲಂಗಳ ತಲೆಯ ಮೇಲೆ ಯಾವ ಟ್ಯಾಗ್ ಎಂಬುದು. ಅಡಿಬರಹದ ಕಾಲಂಗೆ ನಾನು 'ಕ್ಯಾಪ್ಷನ್-ಆಬ್‌ಸ್ಟ್ರ್ಯಾಕ್ಟ್' ಎಂದು ಹೆಸರಿಟ್ಟೆ. ಎಲ್ಲೋ ಓದಿದ ನೆನಪು. ಎರಡು ನಿಮಿಷದಲ್ಲಿ 386 ಫೈಲ್ ಮುಗಿದವು. ಒಂದನ್ನು ತೆರೆದು ನೋಡಿದರೆ ಕನ್ನಡ ಅಕ್ಷರ ಇರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆಗಳ ಉದ್ದ ಸಾಲು. ವೈಜ್ಞಾನಿಕ ಹೆಸರು ಮಾತ್ರ ಸರಿಯಾಗಿತ್ತು, ಅದು ರೋಮನ್ ಲಿಪಿ ನೋಡಿ.

ಇದು ಯಾಕಾಯಿತು ಎಂದು ತಿಳಿಯಲು ಒಂದು ದಿನ ಹಿಡಿಯಿತು, ಆ ದಿನ ವ್ಯರ್ಥವಾಗಲಿಲ್ಲ. ಒಂದು ಫೋಟೋದೊಳಗೆ ವಿವರಣೆ ಇಡಲು ಒಂದಲ್ಲ, ಮೂರು ಗೂಡು ಇವೆ. ಒಂದು ಎಕ್ಸಿಫ್, ಕ್ಯಾಮೆರಾ ಬರೆಯುವುದು. ಎರಡನೆಯದು ಐಪಿಟಿಸಿ ಎಂಬ ಸಂಸ್ಥೆಯ ಹಳೆಯ ಐಐಎಂ ಮಾದರಿ, 1990ರ ದಶಕದ ಶುರುವಿನಲ್ಲಿ ಸುದ್ದಿಸಂಸ್ಥೆಗಳಿಗಾಗಿ ಮಾಡಿದ್ದು. ಮೂರನೆಯದು 2001ರಲ್ಲಿ ಅಡೋಬಿ ತಂದ ಎಕ್ಸ್‌ಎಂಪಿ. 2012ರಲ್ಲಿ ಅದು ಐಎಸ್‌ಒ ಮಾನಕವೂ ಆಯಿತು. ನಾನು ಬರೆದ ಟ್ಯಾಗ್ ಎರಡನೆಯ ಗೂಡಿನದು. ಅಲ್ಲಿ ಯುಟಿಎಫ್-8 (ಎಲ್ಲ ಲಿಪಿಗಳಿಗೂ ಜಾಗವಿರುವ ಯೂನಿಕೋಡ್ ಬರೆಯುವ ರೀತಿ) ಎಂದು ಬೇರೆಯಾಗಿ ಹೇಳದಿದ್ದರೆ ಎಕ್ಸಿಫ್‌ಟೂಲ್ ಲ್ಯಾಟಿನ್ ಅಕ್ಷರಸಮೂಹ ಎಂದೇ ಹಿಡಿಯುತ್ತದೆ. ಆ ಸಮೂಹದಲ್ಲಿ ಕನ್ನಡಕ್ಕೆ ಜಾಗವಿಲ್ಲ, ಹಾಗಾಗಿ ಪ್ರಶ್ನಾರ್ಥಕ.

ಯುಟಿಎಫ್-8 ಎಂದು ಹೇಳಿಯೇ ಬರೆದೆವು. ಅಕ್ಷರಗಳು ಬಂದವು. ಈ ಸಲ ಫೋಟೋ ತೆಗೆದವರ ಹೆಸರು ಅರ್ಧಕ್ಕೆ ಕತ್ತರಿಸಿಹೋಗಿತ್ತು. ಐಐಎಂನಲ್ಲಿ 'ಬೈ-ಲೈನ್' ಎಂಬ ಜಾಗಕ್ಕೆ ಹೆಚ್ಚೆಂದರೆ 32 ಬೈಟ್. ಇಂಗ್ಲಿಷ್‌ಗೆ 32 ಅಕ್ಷರ, ಸಾಕು. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ವ್ಯಂಜನಕ್ಕೆ ಮೂರು, ಅದರ ದೀರ್ಘಕ್ಕೆ ಬೇರೆ ಮೂರು, ಒತ್ತಿಗೆ ಇನ್ನೂ ಆರು. 'ಛಾಯಾಗ್ರಾಹಕ' ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಐದಕ್ಷರ. ಒಳಗೆ ಛ, ದೀರ್ಘ, ಯ, ದೀರ್ಘ, ಗ, ವಿರಾಮ, ರ, ದೀರ್ಘ, ಹ, ಕ: ಒಟ್ಟು ಹತ್ತು ಚಿಹ್ನೆ, 30 ಬೈಟ್. ಅದರ ಮುಂದೆ ಒಂದು ಹೆಸರು ಹಾಕಲು ಉಳಿಯುವುದು ಎರಡು ಬೈಟ್. ಕ ಅಕ್ಷರ ಕೂಡ ಹಿಡಿಸುವುದಿಲ್ಲ! ಸಾಧನ ಇದನ್ನು ಎಚ್ಚರಿಕೆಯಾಗಿ ಹೇಳಿಯೇ ಇತ್ತು, ಕಪ್ಪು ಪರದೆಯಲ್ಲಿ ಓಡುವ ಸಾಲುಗಳನ್ನು ಯಾರು ಓದುತ್ತಾರೆ.

ಅಲ್ಲಿಗೆ ನಿರ್ಧಾರ ಸುಲಭವಾಯಿತು. ಐಐಎಂ ಗೂಡನ್ನು ಖಾಲಿ ಮಾಡಿ, ಎಲ್ಲವನ್ನೂ ಎಕ್ಸ್‌ಎಂಪಿಯಲ್ಲಿ ಮಾತ್ರ ಬರೆಯುವುದು. ಅದು ಹುಟ್ಟಿನಿಂದಲೇ ಯೂನಿಕೋಡ್, ಉದ್ದಕ್ಕೆ ಅಂಥ ಕತ್ತರಿಯೂ ಇಲ್ಲ. ಕಾಲಂನ ಹೆಸರನ್ನು ಬರೀ 'ಡಿಸ್ಕ್ರಿಪ್ಷನ್' ಎಂದು ಬದಲಿಸಿದರೆ ಎಕ್ಸಿಫ್‌ಟೂಲ್ ಎಕ್ಸ್‌ಎಂಪಿಗೇ ಬರೆಯುತ್ತದೆ. ಒಂದು ಪದದ ವ್ಯತ್ಯಾಸ.

ಮೂರನೆಯ ಛಾಯಾಗ್ರಾಹಕರ ಟಿಫ್‌ಗಳ ಕಥೆಯೂ ಇಲ್ಲೇ ಬರುತ್ತದೆ. ತಾವು ಎಲ್ಲ ವಿವರ ತುಂಬಿಯೇ ಕಳಿಸಿದ್ದೇವೆ ಎಂದು ಅವರು ಹೇಳುತ್ತಿದ್ದರು. ನಮ್ಮ ಕಡೆ ಖಾಲಿ. ಕಚ್ಚಾ ಫೈಲಿನ ಮೆಟಾಡೇಟಾ ಅದರ ಪಕ್ಕದಲ್ಲಿ ಬೇರೆ ಎಕ್ಸ್‌ಎಂಪಿ ಕಡತದಲ್ಲಿ ಇತ್ತು. ಟಿಫ್ ಮಾಡುವಾಗ 'ಕಾಪಿರೈಟ್ ಮಾತ್ರ' ಎಂಬ ಆಯ್ಕೆ ಇದ್ದುದರಿಂದ ವಿವರ ಟಿಫ್‌ಗೆ ಇಳಿದಿರಲಿಲ್ಲ. ಅವರು ಹೇಳಿದ್ದೂ ನಿಜ, ನಾವು ಹೇಳಿದ್ದೂ ನಿಜ.

ಲೈವ್ ಕ್ಯಾಪ್ಷನ್ ಯಾಕೆ ಕೈಬಿಟ್ಟೆವು

ಇನ್‌ಡಿಸೈನ್‌ನಲ್ಲಿ ಕ್ಯಾಪ್ಷನ್ ಎರಡು ಬಗೆ. ಲೈವ್ ಎಂದರೆ ಚಿತ್ರದ ಮೆಟಾಡೇಟಾ ಬದಲಾಗಿ ಲಿಂಕ್ ಅಪ್‌ಡೇಟ್ ಆದಾಗ ಪುಟದಲ್ಲೂ ಬದಲಾಗುತ್ತದೆ. ಸ್ಟ್ಯಾಟಿಕ್ ಎಂದರೆ ಒಂದು ಸಲ ಓದಿ ಸಾಮಾನ್ಯ ಪಠ್ಯವಾಗಿ ಇಟ್ಟುಬಿಡುತ್ತದೆ. ಲೇಖಕರು ತಿದ್ದುತ್ತಲೇ ಇದ್ದಾರೆ, ಆದ್ದರಿಂದ ಲೈವ್ ಬೇಕು ಅನ್ನಿಸುವುದು ಸಹಜ ಅಲ್ವಾ? ನಮಗೂ ಹಾಗೇ ಅನ್ನಿಸಿತು. ಒಂದು ಅಧ್ಯಾಯಕ್ಕೆ ಹಾಕಿ ನೋಡಿದೆವು.

ಮೊದಲ ಪುಟದಲ್ಲೇ ಒಂದು ಹೂವಿನ ಕೆಳಗೆ ಕ್ಯಾಮೆರಾ ಕಂಪನಿಯ ಹೆಸರು, ಪಕ್ಕದಲ್ಲಿ 'ಡಿಜಿಟಲ್ ಕ್ಯಾಮೆರಾ' ಎಂದು ದೊಡ್ಡಕ್ಷರದಲ್ಲಿ ಬಂತು. ಎಲ್ಲರೂ ನಕ್ಕರು. ಕೆಲವು ಕ್ಯಾಮೆರಾಗಳು ಎಕ್ಸಿಫ್‌ನ ವಿವರಣೆಯ ಜಾಗದಲ್ಲಿ ತಮ್ಮದೇ ಹೆಸರು ಬರೆದಿಡುತ್ತವೆ. ಎಕ್ಸ್‌ಎಂಪಿಯಲ್ಲಿ ವಿವರಣೆ ಇಲ್ಲದಿದ್ದರೆ ಅದೇ ಮೇಲೆ ಬರುತ್ತದೆ. ಒಂದು ರೀತಿಯಲ್ಲಿ ಉಪಕಾರವೇ ಆಯಿತು: ಶೀಟ್‌ನಲ್ಲಿ ಯಾವ ಫೈಲುಗಳ ಹೆಸರು ತಪ್ಪಾಗಿತ್ತೋ ಅವುಗಳಿಗೆ ವಿವರಣೆ ಹೋಗಿರಲಿಲ್ಲ, ಅವೆಲ್ಲ ಹೀಗೆ ಕೈಯೆತ್ತಿ ನಿಂತವು. ಇನ್ನು ಕೆಲವು ಕಡೆ 'ನೋ ಇಂಟರ್‌ಸೆಕ್ಟಿಂಗ್ ಲಿಂಕ್' ಎಂದು ಬಂತು. ಕ್ಯಾಪ್ಷನ್‌ನ ಫ್ರೇಮ್ ಚಿತ್ರದ ಫ್ರೇಮಿಗೆ ತಾಗಿರಬೇಕು, ಇಲ್ಲವೇ ಎರಡನ್ನೂ ಗ್ರೂಪ್ ಮಾಡಿರಬೇಕು. ವಿನ್ಯಾಸಕಿ ನಡುವೆ ಎರಡು ಮಿಲಿಮೀಟರ್ ಬಿಟ್ಟಿದ್ದರು. ಗ್ರೂಪ್ ಮಾಡಿದ ಮೇಲೆ ಸರಿಹೋಯಿತು.

ಸರಿಹೋಗದೇ ಉಳಿದದ್ದು ಎರಡು. ಲೈವ್ ಕ್ಯಾಪ್ಷನ್ ಒಳಗೆ ಇರುವುದು ಟೆಕ್ಸ್ಟ್ ವೇರಿಯಬಲ್, ಅಂದರೆ ತಾನೇ ಬದಲಾಗುವ ಪಠ್ಯದ ತುಣುಕು. ಅದು ಎಷ್ಟೇ ಉದ್ದ ಇದ್ದರೂ ನಾವು ಬಳಸುತ್ತಿದ್ದ ಇನ್‌ಡಿಸೈನ್ ಅದನ್ನು ಒಂದೇ ಅಕ್ಷರದಂತೆ ನೋಡುತ್ತಿತ್ತು, ಎರಡನೆಯ ಸಾಲಿಗೆ ಮುರಿಯುತ್ತಿರಲಿಲ್ಲ. ನಮ್ಮದು ಎರಡು ಮೂರು ಸಾಲಿನ ಅಡಿಬರಹ. ಎಲ್ಲ ಅಕ್ಷರಗಳೂ ಒಂದೇ ಸಾಲಿನಲ್ಲಿ ಒಂದರ ಮೈಮೇಲೆ ಒಂದು ಬಿದ್ದು, ಒತ್ತಕ್ಷರ ಯಾವುದು ದೀರ್ಘ ಯಾವುದು ಗೊತ್ತಾಗದೆ ಕಪ್ಪು ಪಟ್ಟಿಯಂತೆ ಕಾಣುತ್ತಿತ್ತು. ಎರಡನೆಯದು ಇಟಾಲಿಕ್. ಗಿಡದ ವೈಜ್ಞಾನಿಕ ಹೆಸರು ಇಟಾಲಿಕ್‌ನಲ್ಲಿರಬೇಕು. ಮೆಟಾಡೇಟಾ ಬರೀ ಪಠ್ಯ, ಅದರೊಳಗೆ ಇಟಾಲಿಕ್ ಎಂಬುದೇ ಇಲ್ಲ. ಎಕ್ಸೆಲ್‌ನಲ್ಲಿ ಸಂಪಾದಕರು ಕಷ್ಟಪಟ್ಟು ಮಾಡಿದ್ದ ಇಟಾಲಿಕ್ ಸಿಎಸ್‌ವಿ ಆಗುವಾಗಲೇ ಹೋಗಿತ್ತು.

ಇಲ್ಲಿ ನಮ್ಮೊಳಗೆ ಸ್ವಲ್ಪ ಮಾತಿಗೆ ಮಾತು ಬೆಳೆಯಿತು. ಅಡಿಬರಹಗಳನ್ನು ಒಂದು ಸಾಲಿಗೆ ಇಳಿಸಿಬಿಡೋಣ ಎಂದೆ ನಾನು. ಸಂಪಾದಕರು ಒಪ್ಪಲಿಲ್ಲ. "ಸಾಫ್ಟ್‌ವೇರ್‌ಗೆ ಆಗಲ್ಲ ಅಂತ ಓದೋರಿಗೆ ಕಮ್ಮಿ ಕೊಡೋದಾ?" ಎಂದರು. ಅವರ ಮಾತೇ ಸರಿ ಎಂದು ಈಗಲೂ ಅನ್ನಿಸುತ್ತದೆ. ಲೈವ್ ಬಿಟ್ಟು ಸ್ಟ್ಯಾಟಿಕ್‌ಗೆ ಬಂದೆವು. ಕ್ಯಾಪ್ಷನ್ ಸೆಟಪ್‌ನಲ್ಲಿ 'ಗ್ರೂಪ್ ಕ್ಯಾಪ್ಷನ್ ವಿತ್ ಇಮೇಜ್' ಎಂಬುದಕ್ಕೆ ಟಿಕ್ ಹಾಕಿದೆವು. ಆಗ ಸುಮ್ನೆ ಹಾಕಿದ್ದು, ಪುಟದಲ್ಲಿ ಎಳೆದಾಡುವಾಗ ಎರಡೂ ಜೊತೆಗಿರಲಿ ಅಂತ. ಆಮೇಲೆ ಅದೇ ನಮ್ಮನ್ನು ಉಳಿಸಿತು.

ಇಟಾಲಿಕ್‌ಗೆ ಕನ್ನಡದ್ದೇ ಆದ ಒಂದು ಸುಲಭ ದಾರಿ ಸಿಕ್ಕಿತು. ನಮ್ಮ ಅಡಿಬರಹಗಳಲ್ಲಿ ರೋಮನ್ ಅಕ್ಷರ ಬರುವುದು ವೈಜ್ಞಾನಿಕ ಹೆಸರಿನಲ್ಲಿ ಮಾತ್ರ. ಹಾಗಾಗಿ ಅಡಿಬರಹದ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿ ಒಂದು ಗ್ರೆಪ್ ಸ್ಟೈಲ್ ಇಟ್ಟೆವು: ರೋಮನ್ ಅಕ್ಷರ ಎಲ್ಲಿ ಕಂಡರೂ ಇಟಾಲಿಕ್ ಮಾಡು. ಇಂಗ್ಲಿಷ್ ಪುಸ್ತಕ ಮಾಡುವವರಿಗೆ ಈ ಭಾಗ್ಯ ಇಲ್ಲ. ಕೂಡಲೇ ಲೇಖಕರು ಇನ್ನೊಂದು ತಪ್ಪು ಹಿಡಿದರು. ಕುಲ ಮತ್ತು ಪ್ರಭೇದದ ಹೆಸರು ಇಟಾಲಿಕ್, ಸರಿ. ಹೆಸರಿಟ್ಟವರ ಸಂಕ್ಷಿಪ್ತ ರೂಪ, ಉಪಪ್ರಭೇದ ಎಂಬುದನ್ನು ಸೂಚಿಸುವ ಸಂಕ್ಷೇಪ ಇವೆಲ್ಲ ನೆಟ್ಟಗಿರಬೇಕು. ನಮ್ಮ ಅಡಿಬರಹಗಳಲ್ಲಿ ಅವೆಲ್ಲ ಚುಕ್ಕಿಯಿಂದ ಮುಗಿಯುತ್ತಿದ್ದವು. ಚುಕ್ಕಿಯಿಂದ ಮುಗಿಯುವ ರೋಮನ್ ಪದವನ್ನು ನೆಟ್ಟಗೆ ಮಾಡುವ ಎರಡನೆಯ ಗ್ರೆಪ್ ಸ್ಟೈಲನ್ನು ಮೊದಲನೆಯದರ ಕೆಳಗೆ ಸೇರಿಸಿದೆವು. ಕೆಳಗಿನದ್ದೇ ಗೆಲ್ಲುತ್ತದೆ, ಕ್ರಮ ತಪ್ಪಿದರೆ ಕೆಲಸ ಆಗುವುದಿಲ್ಲ.

ಹಳದಿ ತ್ರಿಕೋನಗಳ ಬೆಳಗ್ಗೆ

ಇದರ ನಡುವೆ ಫೈಲುಗಳಿಗೆ ಹೊಸ ಹೆಸರಿಟ್ಟೆವು: ಛಾಯಾಗ್ರಾಹಕರಿಗೆ ಒಂದಕ್ಷರ, ಆಮೇಲೆ ಶೀಟ್‌ನ ಸಾಲಿನ ಕ್ರಮಸಂಖ್ಯೆ. ಹೊರಗಿನಿಂದ ಸುಮ್ನೆ ಹೆಸರು ಬದಲಿಸಿದರೆ ಎಲ್ಲ ಲಿಂಕ್‌ಗಳೂ ಕಡಿದುಹೋಗುತ್ತವೆ. ಅದಕ್ಕೆ ಹೊಸ ಹೆಸರಿನ ಪ್ರತಿಗಳನ್ನು ಬೇರೆ ಫೋಲ್ಡರ್‌ನಲ್ಲಿ ಮಾಡಿ, ಹಳೆಯ ಹೆಸರು ಮತ್ತು ಹೊಸ ಹೆಸರಿನ ಪಟ್ಟಿ ನೋಡಿ ರೀಲಿಂಕ್ ಮಾಡುವ ಸಣ್ಣ ಸ್ಕ್ರಿಪ್ಟ್ ಓಡಿಸಿದೆವು. ಈ ಸಲ ಒಂದೊಂದು ಅಧ್ಯಾಯವನ್ನೂ ಕಣ್ಣಿಂದ ನೋಡಿದೆವು.

ಲೇಖಕರು ಆರು ಅಡಿಬರಹ ತಿದ್ದಿದ ಒಂದು ಸಂಜೆ ನಾನು ಇಡೀ ಶೀಟನ್ನು ಮತ್ತೆ ಎಕ್ಸಿಫ್‌ಟೂಲ್‌ಗೆ ಕೊಟ್ಟು ಮನೆಗೆ ಹೋದೆ. ಬೆಳಗ್ಗೆ ವಿನ್ಯಾಸಕಿ ಫೈಲ್ ತೆರೆದರೆ ಎಲ್ಲ ಲಿಂಕ್‌ಗಳ ಮೇಲೂ ಹಳದಿ ತ್ರಿಕೋನ. "ರಾತ್ರಿ ಫೋಟೋಗಳನ್ನು ಯಾರು ಮುಟ್ಟಿದ್ದು?" ಎಂದು ಮೆಸೇಜ್ ಬಂತು. ಮೆಟಾಡೇಟಾ ಬದಲಾದರೂ ಫೈಲ್ ಬದಲಾದಂತೆಯೇ, ಇನ್‌ಡಿಸೈನ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವರ ಭಯಕ್ಕೆ ಕಾರಣವೂ ಇತ್ತು. ಹಿಂದಿನ ದಿನವೇ ಬಣ್ಣ ತಿದ್ದಲು ಕೊಟ್ಟಿದ್ದ ಒಂಬತ್ತು ಫೋಟೋಗಳು ವಾಪಸ್ ಬಂದಿದ್ದವು. ಆ ಒಂಬತ್ತರ ತ್ರಿಕೋನ ನನ್ನಿಂದಾದ ತ್ರಿಕೋನಗಳ ಗುಂಪಿನಲ್ಲಿ ಮುಚ್ಚಿಹೋಯಿತು.

ಅವತ್ತಿಂದ ಎರಡು ಕಟ್ಟುಪಾಡು ಮಾಡಿಕೊಂಡೆವು. ಬದಲಾದ ಸಾಲುಗಳನ್ನು ಮಾತ್ರ ಬೇರೆ ಸಿಎಸ್‌ವಿ ಮಾಡಿ ಬರೆಯುವುದು. ಬರೆಯುವ ಮುಂಚೆ ವಿನ್ಯಾಸಕಿ ಲಿಂಕ್‌ಗಳನ್ನೆಲ್ಲ ಅಪ್‌ಡೇಟ್ ಮಾಡಿ ಫೈಲ್ ಮುಚ್ಚಿರಬೇಕು. ಆಗ ಹೊಸ ತ್ರಿಕೋನ ಯಾವುದು ಬಂದರೂ ಅದು ಯಾಕೆ ಬಂತು ಎಂದು ಗೊತ್ತಿರುತ್ತದೆ.

ತಾಳೆ ನೋಡುವುದು

ಸ್ಟ್ಯಾಟಿಕ್ ಕ್ಯಾಪ್ಷನ್‌ನ ಬೆಲೆ ಇಲ್ಲಿ ತೆರಬೇಕಾಯಿತು. ಶೀಟ್ ತಿದ್ದಿದರೆ ಚಿತ್ರದೊಳಗಿನದು ತಿದ್ದಿಹೋಗುತ್ತದೆ, ಪುಟದಲ್ಲಿರುವುದು ಹಾಗೇ ಉಳಿಯುತ್ತದೆ. ಮತ್ತೆ ಕ್ಯಾಪ್ಷನ್ ಹುಟ್ಟಿಸಿದರೆ ವಿನ್ಯಾಸಕಿ ಕೈಯಲ್ಲಿ ಸರಿಪಡಿಸಿದ ಸಾಲುಮುರಿತಗಳೆಲ್ಲ ಹೋಗುತ್ತವೆ. ಪುಟದಲ್ಲೇ ತಿದ್ದಿದರೆ? ಆಗ ಶೀಟ್ ಹಳತಾಗುತ್ತದೆ, ಮುಂದಿನ ಮುದ್ರಣಕ್ಕೆ ಅದೇ ತಪ್ಪು ವಾಪಸ್ ಬರುತ್ತದೆ. ನಾವು ಹಾಕಿಕೊಂಡ ನಿಯಮ ಸ್ವಲ್ಪ ಒರಟಾಗಿತ್ತು: ತಿದ್ದುಪಡಿ ಎಷ್ಟೇ ಚಿಕ್ಕದಿರಲಿ, ಮೊದಲು ಶೀಟ್‌ನಲ್ಲಿ. ಅಲ್ಲಿಂದ ಚಿತ್ರಕ್ಕೆ. ಕೊನೆಗೆ ಪುಟಕ್ಕೆ. ಉಲ್ಟಾ ದಿಕ್ಕಿನಲ್ಲಿ ಬರುವಂತಿಲ್ಲ. ಪ್ರೂಫ್ ಓದುವಾಗ ಒಂದು ಅಲ್ಪವಿರಾಮ ಕಂಡರೂ ಶೀಟ್ ತೆರೆಯಬೇಕು ಎಂದಾಗ ಎಲ್ಲರಿಗೂ ಬೇಜಾರಾಯಿತು. ನನಗೂ.

ಪುಟಕ್ಕೆ ಬಂದಿದೆಯೋ ಇಲ್ಲವೋ ನೋಡಲು ವಿನ್ಯಾಸಕಿ ಜಾವಾಸ್ಕ್ರಿಪ್ಟ್‌ನಲ್ಲಿ ಮೂವತ್ತು ಸಾಲಿನ ಒಂದು ಸ್ಕ್ರಿಪ್ಟ್ ಬರೆದರು. ಇನ್‌ಡಿಸೈನ್‌ನ ಜೊತೆಗೇ ಬರುವ 'ಲೇಬಲ್ ಗ್ರಾಫಿಕ್ಸ್' ಎಂಬ ಸ್ಕ್ರಿಪ್ಟ್ ಚಿತ್ರದ ಎಕ್ಸ್‌ಎಂಪಿ ವಿವರಣೆ ಓದಿ ಲೇಬಲ್ ಹಾಕುತ್ತದೆ. ಓದುವುದು ಹೇಗೆ ಎಂದು ಅದನ್ನು ನೋಡಿಯೇ ಕಲಿತರು. ಅವರ ಸ್ಕ್ರಿಪ್ಟ್ ಪ್ರತಿ ಗ್ರೂಪ್‌ನ ಒಳಗೆ ಹೋಗಿ, ಚಿತ್ರದ ವಿವರಣೆಯನ್ನೂ ಪಕ್ಕದ ಫ್ರೇಮಿನ ಪಠ್ಯವನ್ನೂ ಹೋಲಿಸಿ, ಬೇರೆ ಇದ್ದರೆ ಪುಟದ ಸಂಖ್ಯೆ ಬರೆಯುತ್ತದೆ. ಗ್ರೂಪ್ ಮಾಡಿರದಿದ್ದರೆ ಯಾವ ಅಡಿಬರಹ ಯಾವ ಚಿತ್ರದ್ದು ಎಂದು ಅದಕ್ಕೆ ತಿಳಿಯುತ್ತಲೇ ಇರಲಿಲ್ಲ.

ಮೊದಲ ಸಲ ಓಡಿಸಿದಾಗ 140 ವ್ಯತ್ಯಾಸ. ಎದೆ ಧಸಕ್ ಎಂದಿತು. ಒಂದೊಂದಾಗಿ ನೋಡಿದರೆ ಹೆಚ್ಚಿನವು ಕೊನೆಯಲ್ಲಿ ಉಳಿದ ಒಂದು ಖಾಲಿ ಜಾಗ, ಇಲ್ಲವೇ ಕೈಯಲ್ಲಿ ಮುರಿದ ಸಾಲು. ಕೆಲವು ಮಾತ್ರ ಕಣ್ಣಿಗೆ ಒಂದೇ, ಸ್ಕ್ರಿಪ್ಟ್‌ಗೆ ಬೇರೆ. ಕನ್ನಡದಲ್ಲಿ ಒತ್ತಾಗದಂತೆ ತಡೆಯಲು ನಡುವೆ ಕಾಣದ ಒಂದು ಚಿಹ್ನೆ ಹಾಕುತ್ತೇವಲ್ಲ, ಜ಼ಡ್‌ಡಬ್ಲ್ಯುಎನ್‌ಜೆ, ಅದು ಪದದ ಕೊನೆಯಲ್ಲಿ ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಖಾಲಿ ಜಾಗ, ಸಾಲುಮುರಿತ, ಆ ಕಾಣದ ಚಿಹ್ನೆ ಇವನ್ನೆಲ್ಲ ಬಿಟ್ಟು ಹೋಲಿಸಲು ಸ್ಕ್ರಿಪ್ಟ್ ತಿದ್ದಿದ ಮೇಲೆ ಉಳಿದದ್ದು 21. ಅವು ನಿಜವಾದವು. ಅದರಲ್ಲಿ ಎರಡು ಕಡೆ ಅಕ್ಕಪಕ್ಕದ ಚಿತ್ರಗಳ ಅಡಿಬರಹವೇ ಅದಲುಬದಲಾಗಿತ್ತು, ಪುಟ ಹೊಂದಿಸುವಾಗ ಗ್ರೂಪ್ ಬಿಚ್ಚಿ ಮತ್ತೆ ಕಟ್ಟಿದ್ದರಿಂದ.

ಆಮೇಲೆ ಇನ್ನೊಂದು ಲೆಕ್ಕ ಮಾಡಿದೆವು. ಶೀಟ್‌ನಲ್ಲಿ 386 ಸಾಲು, ಲಿಂಕ್ಸ್ ಪ್ಯಾನೆಲ್‌ನಲ್ಲಿ 379 ಚಿತ್ರ. ಏಳು ಎಲ್ಲಿ ಹೋದವು? ಪುಟದಲ್ಲಿ ಕಾಣುತ್ತಿವೆ, ಲಿಂಕ್ ಇಲ್ಲ. ಹುಡುಗ ಶುರುವಿನಲ್ಲಿ ಕೆಲವನ್ನು ಫೋಟೋಶಾಪ್‌ನಿಂದ ನೇರ ಕಾಪಿ ಮಾಡಿ ಪುಟದಲ್ಲಿ ಪೇಸ್ಟ್ ಮಾಡಿದ್ದ. ಪೇಸ್ಟ್ ಮಾಡಿದ ಚಿತ್ರಕ್ಕೆ ಲಿಂಕ್ ಇರುವುದಿಲ್ಲ, ಮೆಟಾಡೇಟಾ ಇರುವುದಿಲ್ಲ, ಮೇಲಿನ ಯಾವ ಪರೀಕ್ಷೆಗೂ ಅದು ಕಾಣಿಸುವುದಿಲ್ಲ. ಏಳನ್ನೂ ತೆಗೆದು 'ಪ್ಲೇಸ್' ಮಾಡಿ ಹಾಕಿದೆವು. ಇಂಥ ಕೆಲಸ ಕೈಗೆತ್ತಿಕೊಂಡವರು ಬೇರೆ ಏನೂ ಮಾಡದಿದ್ದರೂ ಈ ಎರಡು ಸಂಖ್ಯೆಯನ್ನು ಹೋಲಿಸಿ ನೋಡಿ. ಒಂದು ನಿಮಿಷ ಸಾಕು.

ಪ್ಯಾಕೇಜ್ ಮಾಡಿ, ಅಂದರೆ ಪುಟ, ಚಿತ್ರ ಎಲ್ಲ ಒಂದು ಫೋಲ್ಡರ್‌ಗೆ ಕೂಡಿಸಿ, ಪ್ರೆಸ್‌ಗೆ ಕೊಡುವ ಹಿಂದಿನ ದಿನ ಲೇಖಕರಿಗೆ ಒಂದು ಅನುಮಾನ ಬಂತು. ಕೆಲವು ಅಪರೂಪದ ಗಿಡಗಳು ಎಲ್ಲಿವೆ ಎಂದು ಪುಸ್ತಕದಲ್ಲಿ ಬೇಕೆಂದೇ ಹೇಳಿರಲಿಲ್ಲ, ಕಿತ್ತುಕೊಂಡು ಹೋಗುವವರಿರುತ್ತಾರೆ. ಫೋಟೋದ ಎಕ್ಸಿಫ್‌ನಲ್ಲಿ ಜಿಪಿಎಸ್ ಇದೆಯಾ? ಇತ್ತು, 60ಕ್ಕೂ ಹೆಚ್ಚು ಫೈಲುಗಳಲ್ಲಿ. ಪ್ಯಾಕೇಜ್ ಫೋಲ್ಡರ್‌ಗೆ ಮೂಲ ಫೈಲುಗಳೇ ಕಾಪಿ ಆಗುತ್ತವೆ, ಅದು ಎಷ್ಟು ಕೈ ದಾಟುತ್ತದೋ. ಪ್ಯಾಕೇಜ್‌ನ ಪ್ರತಿಗಳಿಂದ ಜಿಪಿಎಸ್ ತೆಗೆದು, ಲಿಂಕ್ ಅಪ್‌ಡೇಟ್ ಮಾಡಿ ಕೊಟ್ಟೆವು. ಇದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಅಚ್ಚಾದ ಮೇಲೆ

ಒಳಪುಟಗಳಲ್ಲಿ ಚಿತ್ರಕ್ಕೂ ಹೆಸರಿಗೂ ತಪ್ಪಿದ ಒಂದೂ ಜಾಗ ಈವರೆಗೆ ಸಿಕ್ಕಿಲ್ಲ. ಲೇಖಕರು ಪ್ರತಿ ಪುಟ ತಿರುವಿದ್ದಾರೆ.

ತಪ್ಪು ಸಿಕ್ಕಿದ್ದು ಹಿಂಬದಿಯ ರಕ್ಷಾಪುಟದಲ್ಲಿ. ಅಲ್ಲಿದ್ದ ಫೋಟೋ ಎರಡನೆಯವರದು, ಕೆಳಗೆ ಹೆಸರು ಮೊದಲನೆಯವರದು. ರಕ್ಷಾಪುಟ ಬೇರೆ ಇನ್‌ಡಿಸೈನ್ ಫೈಲ್. ಅದನ್ನು ನಾವು ಎಲ್ಲಕ್ಕಿಂತ ಮೊದಲು ಮುಗಿಸಿ ಪಕ್ಕಕ್ಕಿಟ್ಟಿದ್ದೆವು, ಹಳೆಯ 'ಐಎಂಜಿ' ಹೆಸರಿನ ಲಿಂಕ್ ಅದರಲ್ಲಿ ಹಾಗೇ ಇತ್ತು. ಸ್ಕ್ರಿಪ್ಟ್ ಓಡಿದ್ದು ಒಳಪುಟಗಳ ಫೈಲಿನ ಮೇಲೆ ಮಾತ್ರ. ಪುಸ್ತಕ ಕೈಗೆ ಬಂದ ದಿನ ಎರಡನೆಯ ಛಾಯಾಗ್ರಾಹಕರೇ ಫೋನ್ ಮಾಡಿ ಹೇಳಿದರು, ನಗುತ್ತಲೇ ಹೇಳಿದರು. ನಾವು ನಾಲ್ವರು ಒಂದು ಮಧ್ಯಾಹ್ನ ಕೂತು ಪ್ರತಿ ಪುಸ್ತಕಕ್ಕೂ ಅವರ ಹೆಸರಿನ ಚೀಟಿ ಅಂಟಿಸಿದೆವು. ಹುಡುಗ ಚೀಟಿ ಅಂಟಿಸುತ್ತಾ ಕೇಳಿದ: "ಈ ಚೀಟಿ ಹೆಸರನ್ನ ಶೀಟ್‌ನಿಂದಲೇ ತಗೊಂಡಿದ್ದೀವಿ ತಾನೇ?"